ಕಾಲೆಳೆಯುವವರು ಬೇಕಾಗಿದ್ದಾರೆ

ಅರವತ್ತು ದಾಟಿದ ಮನುಷ್ಯನಿಗೆ ಸಕ್ಕರೆ, ಬಿ.ಪಿ.ಗಳಿಗಿಂತ ಮೊದಲೇ ಅಂಟಿಕೊಳ್ಳುವ ಕಾಯಿಲೆ ಒಂದಿದೆ. ಅದರ ಹೆಸರು ಗೌರವ. ಯಾವ ಲ್ಯಾಬಿನಲ್ಲೂ ಇದಕ್ಕೆ ಟೆಸ್ಟ್ ಇಲ್ಲ. ಲಕ್ಷಣ ನೋಡಿಯೇ ತಿಳಿದುಕೊಳ್ಳಬೇಕು. ನೀವು ಸಿಟಿ ಬಸ್ ಹತ್ತಿದ ಕೂಡಲೇ ಕಾಲೇಜು ಹುಡುಗಿಯೊಬ್ಬಳು ಥಟ್ಟನೆ ಎದ್ದು ‘ಕೂತ್ಕೊಳ್ಳಿ ತಾತ’ ಎಂದರೆ ಅದು ಮೊದಲನೆಯ ಹಂತ. ಮದುವೆ ಮನೆಯಲ್ಲಿ ನಿಮ್ಮನ್ನು ಮುಂದಿನ ಸಾಲಿನ ಸೋಫಾಕ್ಕೆ ಕರೆದೊಯ್ದು, ಕಲಶ ಸ್ಥಾಪನೆ ಮಾಡಿದ ಹಾಗೆ ಕೂರಿಸಿ, ‘ಏನು ಬೇಕಿದ್ರೂ ಹೇಳಿ’ ಎಂದು ಹೇಳಿ ಹೋದವರು ಊಟದ ಹೊತ್ತಿನವರೆಗೂ ಆ ಕಡೆ ತಲೆ ಹಾಕದಿದ್ದರೆ ಎರಡನೆಯ ಹಂತ. ಹಿಂದಿನ ಸಾಲಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದ ಸೋದರಳಿಯಂದಿರ ಗುಂಪಿನ ಹತ್ತಿರ ನೀವಾಗಿಯೇ ಎದ್ದು ಹೋದಾಗ, ಅವರೆಲ್ಲ ಒಟ್ಟಿಗೆ ಬಾಯಿ ಮುಚ್ಚಿ, ಮೊಬೈಲು ಜೇಬಿಗಿಳಿಸಿ, ‘ಆರೋಗ್ಯ ಹೇಗಿದೆ ಮಾವ?’ ಎಂದು ಕೇಳಿದರೋ, ಕಾಯಿಲೆ ಉಲ್ಬಣಿಸಿದೆ ಎಂದೇ ಅರ್ಥ.

ಈ ಗೌರವ ಬಲು ಕೆಟ್ಟದ್ದು ಸ್ವಾಮಿ. ಅದಕ್ಕೆ ತುತ್ತಾದವನನ್ನು ಯಾರೂ ಛೇಡಿಸುವುದಿಲ್ಲ, ಯಾರೂ ‘ಬಿಡಯ್ಯಾ, ಕಂಡಿದ್ದೀನಿ’ ಎನ್ನುವುದಿಲ್ಲ. ಆಡಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಹಾಡಿದ್ದಕ್ಕೆಲ್ಲ ಕೈ ಮುಗಿಯುತ್ತಾರೆ. ಮುದುಕರು ಗಂಟುಮೋರೆಯವರು ಎಂದು ಊರೆಲ್ಲ ದೂರುತ್ತದಲ್ಲ, ಆ ಗಂಟು ಕಟ್ಟಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ದಿನವಿಡೀ ನಮಸ್ಕಾರ ಸ್ವೀಕರಿಸುತ್ತ ಕೂತರೆ ದೇವರ ಮುಖವೂ ಕಲ್ಲಾಗುತ್ತದೆ, ನಾವು ಎಷ್ಟರವರು?

ನಾನಿರುವುದು ಮೈಸೂರಿನಲ್ಲಿ. ಇದಕ್ಕೆ ‘ಪಿಂಚಣಿದಾರರ ಸ್ವರ್ಗ’ ಎಂಬ ಬಿರುದು ಬಹಳ ಹಿಂದಿನಿಂದ ಇದೆ. ನಿಜವಾದ ಸ್ವರ್ಗಕ್ಕೆ ರಿಸರ್ವೇಶನ್ ಆಗುವವರೆಗೆ ಕಾಯುವ ವೆಯ್ಟಿಂಗ್ ರೂಮ್ ಎಂದು ಈ ಬಿರುದಿಗೆ ನಮ್ಮ ಶೆಟ್ಟರ ವ್ಯಾಖ್ಯಾನ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೊಂಗೆ ಮರದ ಕೆಳಗೆ ಒಂದು ಸಿಮೆಂಟು ಬೆಂಚು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಅದು ನಮ್ಮದು. ಬ್ಯಾಂಕಿನಲ್ಲಿದ್ದ ರಾಯರು, ಪಿ.ಡಬ್ಲ್ಯು.ಡಿ.ಯಲ್ಲಿದ್ದ ಗೌಡರು, ಸರ್ವೆ ಇಲಾಖೆಯ ಶೆಟ್ಟರು, ಹೈಸ್ಕೂಲು ಮೇಷ್ಟ್ರು, ಮತ್ತೆ ನಾನು. ಬೆಂಚಿನಲ್ಲಿ ಜಾಗ ನಾಲ್ವರಿಗೆ. ಕೊನೆಗೆ ಬಂದವನು ನಿಂತುಕೊಂಡೇ ಬೈಸಿಕೊಳ್ಳಬೇಕು ಎಂಬುದು ನಿಯಮ. ಹಾಗಾಗಿ ನಮ್ಮ ಪೈಕಿ ಯಾರೂ ವಾಕಿಂಗ್ ಮಾಡುವುದಿಲ್ಲ. ವಾಕಿಂಗ್ ಶೂ ಹಾಕಿಕೊಂಡು ಬೆಂಚಿನವರೆಗೆ ಬರುತ್ತೇವೆ, ಅಷ್ಟೆ. ಹೊರಡುವಾಗ ಗೇಟಿನ ಪಕ್ಕದ ನಂದಿನಿ ಬೂತಿನಲ್ಲಿ ಬೈಟು ಕಾಫಿ; ಐದು ಜನಕ್ಕೆ ಬೈಟು ಹೇಗೆ ಹೊಂದಿಸುವುದು ಎಂಬ ಲೆಕ್ಕ ಬ್ಯಾಂಕಿನ ರಾಯರಿಗೂ ಇನ್ನೂ ಬಗೆಹರಿದಿಲ್ಲ.

ಬೆಂಚಿನ ಎದುರಿಗೇ, ಹುಲ್ಲಿನ ಮೇಲೆ, ನಗೆಕೂಟದವರು ಸೇರುತ್ತಾರೆ. ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ, ‘ಹೋ ಹೋ, ಹಾ ಹಾ ಹಾ’ ಎಂದು ತಾಳ ಹಾಕಿ ನಗುತ್ತಾರೆ. ಕೂಟ ನಡೆಸುವವರು ‘ಈಗ ಸಿಂಹದ ನಗು’ ಎಂದರೆ ಎಲ್ಲರೂ ನಾಲಿಗೆ ಹೊರಗೆ ಚಾಚಬೇಕು. ಮೊದಲ ಸಲ ನೋಡಿದಾಗ ಗೌಡರು, ‘ಇದೇನ್ರೀ, ಟೆಂಡರ್ ಕರೆದು ನಗ್ತಾ ಇದಾರೆ!’ ಅಂದಿದ್ದರು. ಆದರೆ ಇದರ ಕತೆ ಸ್ವಾರಸ್ಯವಾಗಿದೆ. ಮದನ್ ಕಟಾರಿಯಾ ಎಂಬ ವೈದ್ಯರು 1995ರ ಮಾರ್ಚ್ 13ರಂದು ಮುಂಬಯಿಯ ಪಾರ್ಕೊಂದರಲ್ಲಿ ಐದೇ ಐದು ಜನರನ್ನು ಕಟ್ಟಿಕೊಂಡು ಇದನ್ನು ಶುರು ಮಾಡಿದರು. ಆಗ ಒಬ್ಬೊಬ್ಬರೂ ಒಂದೊಂದು ಜೋಕು ಹೇಳಬೇಕು, ಉಳಿದವರು ನಗಬೇಕು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕೆಲ್ಲ ಮುಗಿದು ಪೋಲಿ ಜೋಕು ಹೊರಬಿದ್ದವು. ಕೆಲವರಿಗೆ ಕೋಪ ಬಂತು. ಕೂಟ ಮುಚ್ಚಿಹೋಗುವ ಹೊತ್ತಿಗೆ ವೈದ್ಯರಿಗೆ ಹೊಳೆದದ್ದು, ಜೋಕೇ ಬೇಡ, ಕಾರಣವಿಲ್ಲದೆಯೇ ನಗೋಣ ಎಂದು. ಅಲ್ಲಿಂದ ಅದು ದೇಶ ದೇಶಕ್ಕೆ ಹಬ್ಬಿತು; ಮೇ ತಿಂಗಳ ಮೊದಲ ಭಾನುವಾರ ವಿಶ್ವ ನಗೆ ದಿನವೂ ಆಯಿತು.

ಕಾರಣವಿಲ್ಲದ ನಗು ಎಂದು ನಾವು ಆಡಿಕೊಂಡೆವಲ್ಲ, ಸ್ವಲ್ಪ ಗಮನವಿಟ್ಟು ನೋಡಿದರೆ ಅಲ್ಲಿಯೂ ಕಾರಣ ಇದೆ. ಮೊದಲ ಎರಡು ನಿಮಿಷ ಎಲ್ಲರೂ ಅಭಿನಯಿಸುತ್ತಾರೆ. ಅಷ್ಟರಲ್ಲಿ ಎದುರಿಗೆ ನಿಂತ ದಪ್ಪ ಕನ್ನಡಕದ ಅಜ್ಜ ಸಿಂಹವಾಗಲು ಹೋಗಿ ಬೆಕ್ಕಾಗಿರುವುದು ಯಾರ ಕಣ್ಣಿಗಾದರೂ ಬೀಳುತ್ತದೆ. ಅಲ್ಲಿಂದ ಮುಂದೆ ಬರುವುದು ಅಸಲಿ ನಗು. ಅದನ್ನು ಮನೆಯಲ್ಲಿ ಕನ್ನಡಿ ಮುಂದೆ ನಿಂತು ಮಾಡಿ ನೋಡಿ, ಬರುವುದಿಲ್ಲ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಅಂಗಡಿ, ಹೋಟೆಲು, ಕಾಲೇಜು ಮೆಟ್ಟಿಲುಗಳಲ್ಲಿ ಜನ ಯಾವಾಗ ನಗುತ್ತಾರೆ ಎಂದು ಕದ್ದು ಕೇಳಿಸಿಕೊಂಡು ಲೆಕ್ಕ ಬರೆದರು. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ನಗುವುದು ಸುಮಾರು 30 ಪಟ್ಟು ಹೆಚ್ಚು ಎಂದು ಅವರಿಗೆ ತಿಳಿಯಿತು. ಇನ್ನೂ ತಮಾಷೆಯೆಂದರೆ, ಆ ನಗುವಿನಲ್ಲಿ ಜೋಕು ಎನ್ನಬಹುದಾದ ಮಾತಿಗೆ ಬಂದದ್ದು ಐದರಲ್ಲಿ ಒಂದು ಪಾಲೂ ಇಲ್ಲ. ಮಿಕ್ಕದ್ದೆಲ್ಲ ‘ಓ, ಬಂದ್ಯಾ?’ ‘ಸರಿ, ನಾನಿನ್ನು ಹೊರಟೆ’ ಎಂಬಂಥ ಚಪ್ಪೆ ಮಾತಿಗೆ. ಅಂದರೆ ನಾವು ನಗುವುದು ಮಾತಿಗಲ್ಲ, ಮನುಷ್ಯರಿಗೆ. ಮೊಬೈಲಿನಲ್ಲಿ ಅಳುವಷ್ಟು ನಗುವ ಹಳದಿ ಮುಖಗಳನ್ನು ಐದೈದು ಕಳಿಸುವಾಗ ನಮ್ಮ ಮುಖ ಹೇಗಿರುತ್ತದೆ ಎಂದು ಒಮ್ಮೆ ಮನೆಯವರನ್ನು ಕೇಳಿ. ಕರೆಂಟು ಬಿಲ್ಲು ಓದುವಾಗಲೂ ಅಷ್ಟು ಬಿಗಿಯಾಗಿರುವುದಿಲ್ಲವಂತೆ.

ಜೋಕು ಮುಖ್ಯವಲ್ಲ ಎನ್ನುವುದಕ್ಕೆ ನಮ್ಮ ಮೇಷ್ಟ್ರೇ ಸಾಕ್ಷಿ. ಅವರ ಹತ್ತಿರ ಇರುವುದು ಒಂದೇ ಜೋಕು, ಅದೂ ಇಡೀ ಕರ್ನಾಟಕಕ್ಕೆ ಗೊತ್ತಿರುವುದು. ಇನ್‌ಸ್ಪೆಕ್ಟರು ಶಾಲೆಗೆ ಬಂದು ‘ಶಿವಧನುಸ್ಸನ್ನು ಮುರಿದವರು ಯಾರು?’ ಎಂದು ಕೇಳುತ್ತಾರೆ. ಹುಡುಗ ‘ನಾನಲ್ಲ ಸಾರ್’ ಎನ್ನುತ್ತಾನೆ. ಮೇಷ್ಟ್ರು ‘ಅವನು ಒಳ್ಳೇ ಹುಡುಗ ಸಾರ್, ಹಾಗೆಲ್ಲ ಮಾಡಲ್ಲ’ ಎನ್ನುತ್ತಾರೆ. ಕೊನೆಗೆ ಹೆಡ್‌ಮಾಸ್ಟರು… ಮೊನ್ನೆ ಚಳಿಯ ಒಂದು ಬೆಳಿಗ್ಗೆ ಇಲ್ಲಿಗೆ ಬಂದು ಮೇಷ್ಟ್ರು ನಿಂತುಬಿಟ್ಟರು. ಹೆಡ್‌ಮಾಸ್ಟರು ಏನೆಂದರು ಎಂಬುದೇ ಮರೆತುಹೋಗಿತ್ತು. ಒಂದು ಗಳಿಗೆ ಅವರ ಮುಖದಲ್ಲಿ ಗಾಬರಿ ಕಂಡಿತು. ಈ ವಯಸ್ಸಿನಲ್ಲಿ ಮರೆವು ಎಂದರೆ ಯಾರಿಗೂ ನಗುವ ವಿಷಯವಲ್ಲ. ಅಷ್ಟರಲ್ಲಿ ಗೌಡರು ಕೈ ಎತ್ತಿದರು: ‘ನನಗೆ ಗೊತ್ತು ರೀ. ಎಸ್ಟಿಮೇಟ್ ಹಾಕಿಸಿ, ಟೆಂಡರ್ ಕರೀತೀನಿ ಅಂದ್ರು.’ ರಾಯರು, ‘ಅಲ್ಲ ಅಲ್ಲ, ಇಬ್ಬರು ಜಾಮೀನು ಹಾಕಿದ್ರೆ ಹೊಸ ಬಿಲ್ಲಿಗೆ ಲೋನ್ ಕೊಡ್ತೀವಿ ಅಂದ್ರು’ ಎಂದರು. ಶೆಟ್ಟರು ಮೂಗಿನ ಮೇಲೆ ಕನ್ನಡಕ ಏರಿಸಿ, ‘ಮೊದಲು ಬಿಲ್ಲು ಯಾವ ಸರ್ವೆ ನಂಬರಿನಲ್ಲಿ ಮುರಿದು ಬಿತ್ತು, ಅದು ಹೇಳಿ. ಮಿಥಿಲೆ ಹದ್ದಿನೊಳಗೋ ಹೊರಗೋ?’ ಎಂದು ಕೇಳಿದರು. ನಗೆಕೂಟದವರು ತಮ್ಮ ನಗು ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದರು. ಮೇಷ್ಟ್ರು ಕಣ್ಣೊರೆಸಿಕೊಂಡು, ‘ನನ್ನ ಜೋಕಿಗಿಂತ ನಿಮ್ಮದೇ ಚೆನ್ನಾಗಿದೆ, ಹಾಳಾಗಿ ಹೋಗಿ’ ಎಂದರು. ಜೋಕಿನ ತುದಿ ಮರೆತಾಗ ಹೇಳಿಕೊಡುವವರು ನಾಲ್ಕು ಜನ ಇದ್ದರೆ, ಮರೆವಿನ ಹೆದರಿಕೆಯೂ ಅರ್ಧ ಇಳಿಯುತ್ತದೆ.

ನಗುವಿನ ವಿಷಯದಲ್ಲಿ ವಯಸ್ಸಾದವರಿಗೆ ಭರತಮುನಿಯ ಒಂದು ವಿಶೇಷ ರಿಯಾಯಿತಿಯೂ ಇದೆ. ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ಆರು ಬಗೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರದು, ನಡುವಿನವು ಮಧ್ಯಮರದು, ಕಣ್ಣೀರು ಸುರಿಸಿ ಪಕ್ಕೆ ಹಿಡಿದುಕೊಂಡು ನಗುವ ಕೊನೆಯವು ಅಧಮರದು. ಎಲ್ಲಕ್ಕಿಂತ ಮೇಲಿನದಾದ ಸ್ಮಿತಕ್ಕೆ ಲಕ್ಷಣ, ನಗುವಾಗ ಹಲ್ಲು ಕಾಣಬಾರದು. ಇದನ್ನು ಮೇಷ್ಟ್ರು ವಿವರಿಸಿದ ದಿನ ಶೆಟ್ಟರಿಗೆ ಪರಮಾನಂದ. ಗೌಡರು ತಂದ ಹುರಿದ ಕಡಲೆಕಾಯಿಗಾಗಿ ಅವರು ಆಗತಾನೇ ಹಲ್ಲಿನ ಸೆಟ್ಟು ಕಳಚಿ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದರು (ಸೆಟ್ಟಿದ್ದರೆ ಕಡಲೆಕಾಯಿ ಚೂರು ಸಂದಿಗೆ ಸಿಕ್ಕಿಕೊಳ್ಳುತ್ತದೆ, ವಸಡಿನಲ್ಲೇ ಪುಡಿ ಮಾಡುವುದು ಲೇಸು ಎಂಬುದು ಅವರ ಸಂಶೋಧನೆ). ‘ಹಾಗಾದ್ರೆ ನಾನು ಹೇಗೆ ನಕ್ಕರೂ ಉತ್ತಮನೇ!’ ಎಂದು ಬೊಚ್ಚುಬಾಯಿ ಬಿಟ್ಟು ಪಕ್ಕೆ ಹಿಡಿದುಕೊಂಡು ನಕ್ಕರು. ಶಾಸ್ತ್ರ ಹೀಗೆ ಒಮ್ಮೆಗೇ ಉತ್ತಮ ಮತ್ತು ಅಧಮ ಎರಡೂ ಆದವನನ್ನು ಕಂಡಿರಲಿಕ್ಕಿಲ್ಲ.

ನಗುವನ್ನೂ ಔಷಧವನ್ನೂ ಒಟ್ಟಿಗೆ ಇಟ್ಟುಕೊಂಡವರು ನಮ್ಮಲ್ಲಿ ಹೊಸಬರೇನಲ್ಲ. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ಮಹಾಯುದ್ಧದಿಂದ ಸಾಮಾನಿನ ಬೆಲೆಯೆಲ್ಲ ಏರಿದ್ದ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ತೆಗೆದು ಕಾಲು ಶತಮಾನ ನಡೆಸಿದರು. ಮಾಸ್ತಿಯವರು ಇಳಿವಯಸ್ಸಿನಲ್ಲೂ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರ ಜೊತೆ ಇಸ್ಪೀಟಾಡುತ್ತಿದ್ದವರು. ಬದುಕಿದ್ದು ತೊಂಬತ್ತೈದು ವರ್ಷ. ಇಸ್ಪೀಟಿನಿಂದ ಆಯುಸ್ಸು ಹೆಚ್ಚುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆಂದು ಬರೆದರೆ ಗೌಡರ ಮನೆಯವರು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಆದರೆ ‘ಕದ್ದು ನೋಡಬೇಡಿ’ ಎಂದು ಜ್ಞಾನಪೀಠ ಪಡೆದವರಿಗೂ ಮುಲಾಜಿಲ್ಲದೆ ಹೇಳುವವರು ಎದುರಿಗೆ ಕೂತಿರಬೇಕಾದರೆ, ಅಂಥ ಜಾಗವೊಂದು ಬೇಕೇ ಬೇಕು.

ಈ ಮಾತನ್ನು ಈಗ ದೊಡ್ಡ ದೊಡ್ಡವರು ಅಂಕಿ ಅಂಶದ ಸಮೇತ ಹೇಳುತ್ತಿದ್ದಾರೆ. ಅಮೆರಿಕದ ಹಾರ್ವರ್ಡಿನವರು 1938ರಲ್ಲಿ ಒಂದಷ್ಟು ಹುಡುಗರನ್ನು ಹಿಡಿದುಕೊಂಡು ಅವರ ಇಡೀ ಆಯುಸ್ಸನ್ನು ಬೆನ್ನುಹತ್ತಿ ಅಧ್ಯಯನ ಮಾಡುತ್ತ ಬಂದರು. ಈಗ ಅದು ಮಕ್ಕಳ ತಲೆಮಾರಿಗೆ ಬಂದಿದೆ. ಎಂಬತ್ತರಲ್ಲಿ ಯಾರು ಗಟ್ಟಿಮುಟ್ಟಾಗಿರುತ್ತಾರೆ ಎಂದು ಐವತ್ತರಲ್ಲೇ ಹೇಳಬೇಕಾದರೆ, ಕೊಲೆಸ್ಟರಾಲ್ ರಿಪೋರ್ಟಿಗಿಂತ ಅವರ ಬಾಂಧವ್ಯಗಳು ಹೇಗಿವೆ ಎಂದು ನೋಡುವುದೇ ಮೇಲು ಎಂದು ಅವರಿಗೆ ಕಂಡಿತು. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಅವರು 2023ರಲ್ಲಿ ಒಂಟಿತನದ ಬಗ್ಗೆ ಎಚ್ಚರಿಕೆ ಹೊರಡಿಸಿ, ಜನರ ಒಡನಾಟ ಕಡಿದುಹೋದರೆ ಆಯುಸ್ಸಿಗೆ ಆಗುವ ಹಾನಿ ದಿನಕ್ಕೆ 15ರವರೆಗೆ ಸಿಗರೇಟು ಸೇದಿದಷ್ಟು ಎಂದರು. ಮಂಡ್ಯದ ಯಾವ ಅರಳಿಕಟ್ಟೆಯಲ್ಲಿ ಕೇಳಿದ್ದರೂ ಇದನ್ನು ಬಿಟ್ಟಿಯಾಗಿ ಹೇಳುತ್ತಿದ್ದರು, ಮೇಲೊಂದು ಬೀಡಿಯನ್ನೂ ಕೊಡುತ್ತಿದ್ದರು, ಆ ಮಾತು ಬೇರೆ. ಪೇಪರಿನಲ್ಲಿ ಈ ಸುದ್ದಿ ಓದಿದ ಗೌಡರು ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದರು. ಅವರ ಸಿಗರೇಟನ್ನು ಬಿಡಿಸಿದ್ದು ಮನೆಯವರೇ. ಈಗ ಗೌಡರು ಸೋಮಾರಿತನದಿಂದ ಹಾಸಿಗೆ ಬಿಟ್ಟೇಳದ ದಿನ ಆ ಮಹಾತಾಯಿಯೇ, ‘ಏಳ್ರೀ, ಇಲ್ಲೇ ಬಿದ್ಕೊಂಡು ಹದಿನೈದು ಸೇದ್ತೀರಾ?’ ಎಂದು ಅಟ್ಟುತ್ತಾರೆ.

ಒಂಟಿತನದ ಕೆಲಸಕ್ಕೆಂದೇ ಬ್ರಿಟನ್ನಿನವರು 2018ರಲ್ಲಿ ಮಂತ್ರಿಯೊಬ್ಬರನ್ನು ನೇಮಿಸಿದರು, 2021ರಲ್ಲಿ ಜಪಾನಿನವರೂ ನೇಮಿಸಿದರು. ನಮ್ಮಲ್ಲೂ ಅಂಥದೊಂದು ಖಾತೆ ಬೇಕೇ ಎಂದು ಬೆಂಚಿನಲ್ಲಿ ಚರ್ಚೆಯಾಯಿತು. ಬೇಡ ಎಂದು ಗೌಡರು ಖಡಾಖಂಡಿತ ಹೇಳಿದರು. ವರ್ಗಾವಣೆ ಇಲ್ಲ, ಕಾಮಗಾರಿ ಇಲ್ಲ, ಅಂಥ ಖಾತೆ ಹೊತ್ತ ಮಂತ್ರಿಯ ಮನೆ ಕಡೆ ಒಂದು ನರಪಿಳ್ಳೆ ಸುಳಿಯುವುದಿಲ್ಲ. ಪಾಪ, ಅವರನ್ನು ಮಾತಾಡಿಸಲು ಇನ್ನೊಬ್ಬ ಮಂತ್ರಿಯನ್ನು ನೇಮಿಸಬೇಕಾದೀತು.

ಈ ವಿಷಯದಲ್ಲಿ ಹೆಂಗಸರು ನಮಗಿಂತ ಬಹಳ ಮುಂದೆ. ಗಂಡಸಿನ ಸ್ನೇಹವೆಲ್ಲ ಆಫೀಸು, ಕ್ಯಾಂಟೀನು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ‘ಆಗಾಗ ಬರ್ತಾ ಇರಿ ಸಾರ್’ ಎಂದರೆ ಮುಗಿಯಿತು. ನಿಜವಾಗಿ ಹೋದರೆ ‘ಏನು ಕೆಲಸ ಇತ್ತು ಸಾರ್?’ ಎನ್ನುತ್ತಾರೆ. ಹೆಂಗಸರಿಗೆ ನಿವೃತ್ತಿಯೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ನನ್ನ ಮನೆಯವಳ ಭಜನಾ ಮಂಡಳಿಯಲ್ಲಿ ಲಲಿತೆಯ ಸಾವಿರ ನಾಮ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಹೂಬತ್ತಿ ಹೊಸೆಯುತ್ತ ಸೊಸೆಯರ ನಾಮಾವಳಿ ಎರಡು ಗಂಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಬಿಟ್ಟಿಯಾದ ಮೇಲಂತೂ ಕೇಳಬೇಡಿ. ಧರ್ಮಸ್ಥಳ, ಕುಕ್ಕೆ, ಹೊರನಾಡು ಎಂದು ಮಂಡಳಿಯೇ ಎದ್ದು ಹೊರಡುತ್ತದೆ. ‘ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡ್ಕೊಳ್ಳಿ. ಆರಿಸೋದು ಮರೀಬೇಡಿ, ಗ್ಯಾಸನ್ನ’ ಎಂದು ಹೇಳಿ ಹೋದವಳು ರಾತ್ರಿ ಫೋನು ಮಾಡಿದರೆ ಹಿಂದೆ ಹತ್ತು ಹೆಂಗಸರು ಕಿಲಕಿಲ ನಗುವುದು ಕೇಳಿಸುತ್ತದೆ. ಏನು ನಗು ಎಂದು ಕೇಳಿದರೆ, ‘ಏನಿಲ್ಲ, ನಿಮ್ಮ ವಿಷಯವೇ’ ಎನ್ನುತ್ತಾಳೆ. ಹಿರಿಯ ನಾಗರಿಕ ಎಂದು ನನಗೂ ಟಿಕೇಟಿನಲ್ಲಿ 25 ಪರ್ಸೆಂಟ್ ರಿಯಾಯಿತಿ ಉಂಟು. ಆದರೆ ಜೊತೆಯಲ್ಲಿ ಅಷ್ಟು ನಗುವವರು ಬೇಕಲ್ಲ?

ರಾಯರಿಗೆ ಹೀಗೆ ಮನೆಯಲ್ಲೇ ಕಾಲೆಳೆಯುವವರೊಬ್ಬರಿದ್ದರು. ಅವರು ಹೋಗಿ ಈಗ ಕೆಲವು ವರ್ಷ. ಕಾರ್ಯವೆಲ್ಲ ಮುಗಿಸಿ ರಾಯರು ಮತ್ತೆ ಬೆಂಚಿಗೆ ಬಂದ ಬೆಳಿಗ್ಗೆ ನಮಗೆ ಯಾರಿಗೂ ಮಾತು ಹೊರಡಲಿಲ್ಲ. ಎದ್ದು ಜಾಗ ಬಿಟ್ಟುಕೊಟ್ಟೆವು, ಮೆಲ್ಲಗೆ ಮಾತಾಡಿದೆವು, ಹವಾಮಾನದ ಬಗ್ಗೆ ಹೇಳಿದೆವು. ಹಾಳು ಗೌರವ! ರಾಯರು ನೆಲ ನೋಡುತ್ತ ಕೂತಿದ್ದರು. ಬಹಳ ಹೊತ್ತಿನ ಮೇಲೆ ಶೆಟ್ಟರು ಅವರ ಅಂಗಿಯನ್ನೇ ನೋಡುತ್ತ, ‘ರಾಯರೇ, ಗುಂಡಿ ಮೇಲೆ ಕೆಳಗೆ ಹಾಕ್ಕೊಂಡು ಬಂದಿದೀರಲ್ರೀ. ಅಮ್ಮಾವ್ರು ನೋಡಿದ್ರೆ ಸುಮ್ನೆ ಬಿಡ್ತಿದ್ರಾ?’ ಎಂದುಬಿಟ್ಟರು. ನಮಗೆಲ್ಲ ಎದೆ ಧಸಕ್ಕೆಂದಿತು. ರಾಯರು ಬಗ್ಗಿ ಅಂಗಿ ನೋಡಿಕೊಂಡರು. ‘ಗೇಟು ದಾಟೋಕೇ ಬಿಡ್ತಿರಲಿಲ್ಲ ಕಣ್ರೀ’ ಎಂದು ನಕ್ಕರು. ನಗುತ್ತ ನಗುತ್ತಲೇ ಅತ್ತರು. ಅಲ್ಲಿಂದೀಚೆಗೆ ರಾಯರ ಗುಂಡಿ ತಪಾಸಣೆ ಶೆಟ್ಟರ ದಿನಚರಿಯ ಮೊದಲ ಕೆಲಸ. ರಾಯರು ಬೇಕೆಂದೇ ಒಂದೊಂದು ದಿನ ತಪ್ಪು ಹಾಕಿಕೊಂಡು ಬರುತ್ತಾರೆ ಎಂದು ನನಗೆ ಗುಮಾನಿ.

ಅದೇ ರಾಯರು ಮೊಮ್ಮಗುವಿಗಾಗಿ ಆರು ತಿಂಗಳು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋದರು. ಮೊದಲ ವಾರದ ಫೋನಿನಲ್ಲಿ ಬರೀ ನಿಟ್ಟುಸಿರು. ಇಲ್ಲಿ ರಸ್ತೆ ಚೆನ್ನಾಗಿದೆ, ನಡೆಯುವವರೇ ಇಲ್ಲ ಎಂದು. ಆಮೇಲೊಂದು ದಿನ ಪಾರ್ಕಿನಲ್ಲಿ ಯಾರೋ, ‘ಅಲ್ಲಿ ಹತ್ಬೇಡ್ವೋ, ಬಿದ್ದು ಹಲ್ಲು ಮುರ್ಕೋತೀಯ’ ಎಂದು ಅಚ್ಚ ಕನ್ನಡದಲ್ಲಿ ಮೊಮ್ಮಗನನ್ನು ಗದರಿಸುವುದು ಕೇಳಿಸಿತಂತೆ. ಓಡಿ ಹೋಗಿ ನೋಡಿದರೆ ಹಾಸನದ ಕಡೆಯ ನಿವೃತ್ತ ತಹಶೀಲ್ದಾರರು. ತಿಂಗಳೊಳಗೆ ಅಲ್ಲೂ ಒಂದು ಬೆಂಚು ತಯಾರಾಯಿತು. ಮಗ, ಸೊಸೆ ಕಾರಿನಲ್ಲಿ ತೋರಿಸಿಕೊಂಡು ಬಂದ ಗೋಲ್ಡನ್ ಗೇಟ್ ಸೇತುವೆಯ ಬಗ್ಗೆ ರಾಯರು ನಮಗೆ ಹೇಳಿದ್ದು ಒಂದು ವಾಕ್ಯ. ತಹಶೀಲ್ದಾರರು ಅಮೆರಿಕದ ನೆಲ ಕಂಡರೂ ‘ಇದು ಗೋಮಾಳವೋ ಖರಾಬೋ?’ ಎಂದು ಕೇಳುತ್ತಿದ್ದುದನ್ನು ಈಗಲೂ ಹೇಳುತ್ತಿದ್ದಾರೆ.

ಸರ್ಕಾರದವರು ನಾವು ಬದುಕಿದ್ದೇವೆಯೇ ಎಂದು ವಿಚಾರಿಸುವುದು ನವೆಂಬರಿನಲ್ಲಿ. ಜೀವಿತ ಪ್ರಮಾಣಪತ್ರ ಕೊಡಬೇಕು. 2014ರಿಂದ ಅದು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರಕ್ಕೂ ಬಂತು. ಬೆರಳಿನ ಗೆರೆ ಸವೆದವರನ್ನು ಯಂತ್ರ ಗುರುತಿಸಲಿಲ್ಲ ಎಂದು ಈಗ ಮುಖ ತೋರಿಸಿದರೂ ನಡೆಯುತ್ತದೆ. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರಿನಲ್ಲೇ ಕೊಡಬಹುದು. ನವೆಂಬರಿನವರೆಗೆ ಏನಾಗುತ್ತದೋ ಎಂಬ ಕಾಳಜಿ ಇರಬೇಕು. ಬೆಂಚಿನ ನಿಯಮ ಇದಕ್ಕಿಂತ ಕಟ್ಟುನಿಟ್ಟು. ಇಲ್ಲಿ ಹಾಜರಿ ದಿನಾ. ಏಳು ಗಂಟೆಗೆ ಬರದಿದ್ದರೆ ಫೋನು, ಏಳೂಕಾಲಿಗೆ ಎತ್ತದಿದ್ದರೆ ಇನ್ನೊಂದು, ಏಳೂವರೆಗೆ ಇಬ್ಬರು ಮನೆಗೇ ಹೊರಡುತ್ತಾರೆ. ಹಾಗೆ ಹೋದದ್ದರಿಂದಲೇ, ಬಚ್ಚಲಲ್ಲಿ ಜಾರಿ ಬಿದ್ದಿದ್ದ ಮೇಷ್ಟ್ರನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಲು ಆಯಿತು. ಸೊಂಟಕ್ಕೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವರನ್ನು ನೋಡಲು ನಾವು ಹೋದಾಗ ನರ್ಸಮ್ಮ ಬಾಗಿಲಲ್ಲೇ ತಡೆದು, ‘ಅವರನ್ನ ನಗಿಸಬೇಡಿ, ಹೊಲಿಗೆ ಎಳೆಯುತ್ತೆ’ ಎಂದರು. ನಾವು ಒಳಗೆ ಹೋಗಿ ಬಾಯಿ ಬಿಗಿಹಿಡಿದು ಸಾಲಾಗಿ ನಿಂತೆವು. ಐದು ಗೂಬೆಗಳಲ್ಲಿ ನಾಲ್ಕು ಹೀಗೆ ಸುಮ್ಮನೆ ನಿಂತದ್ದು ನೋಡಿಯೇ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ.

ಕಾಲೆಳೆಯುವುದಕ್ಕೂ ಕಟ್ಟಳೆ ಇದೆ. ಮಕ್ಕಳ ಸಂಸಾರದ ಸುದ್ದಿ ಎತ್ತಬಾರದು. ಹೊಸ ಕಾಯಿಲೆಗೆ ಆರು ತಿಂಗಳು ಮಾಫಿ; ಆಮೇಲೆ ಅದು ಸಾರ್ವಜನಿಕ ಸ್ವತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಎಳೆದವನು ತನ್ನ ಕಾಲನ್ನೂ ಚಾಚಿರಬೇಕು. ಬರೀ ಎಳೆಯುವವನು ಪೋಲಿ, ಬರೀ ಎಳೆಸಿಕೊಳ್ಳುವವನು ಬಕರಾ. ಎರಡಕ್ಕೂ ಒಪ್ಪಿದವನು ಗೆಳೆಯ.

ಈಗ ನಮಗಿರುವ ಒಂದೇ ಚಿಂತೆ, ಐದೂ ಜನ ಹೆಚ್ಚುಕಮ್ಮಿ ಒಂದೇ ವಯಸ್ಸಿನವರು. ಒಂದೇ ಬ್ಯಾಚಿನ ನೌಕರರೆಲ್ಲ ಒಟ್ಟಿಗೆ ನಿವೃತ್ತರಾದರೆ ಇಲಾಖೆ ಖಾಲಿಯಾಗುತ್ತದೆ ಎಂದು ಗೌಡರು ಆಡಳಿತಾತ್ಮಕವಾಗಿ ಎಚ್ಚರಿಸಿದ್ದಾರೆ. ಆದ್ದರಿಂದ ಹೊಸ ಭರ್ತಿ ನಡೆದಿದೆ. ಐವತ್ತರ ಆಸುಪಾಸಿನವರು, ಸಾಫ್ಟ್‌ವೇರಿನಿಂದ ಸ್ವಯಂನಿವೃತ್ತಿ ಪಡೆದವರು, ಮೊಮ್ಮಗನನ್ನು ಜಾರುಬಂಡೆಗೆ ಬಿಟ್ಟು ಸುಮ್ಮನೆ ನಿಂತಿರುವ ಅಜ್ಜಿಯರು, ಯಾರಾದರೂ ಆಗಬಹುದು. ಕನ್ನಡ ಬಂದರೆ ಸಾಕು, ಬರದಿದ್ದರೆ ಕಲಿಸುತ್ತೇವೆ, ಕಲಿಯುವಾಗ ಆಗುವ ತಪ್ಪಿಗೆ ನಗುವ ಹಕ್ಕು ನಮ್ಮದು. ಇನ್ನು ಮನೆ ಮನೆಯ ಕಿರಿಯರಿಗೆ ಒಂದು ಮನವಿ. ಹಬ್ಬ ಹರಿದಿನಕ್ಕೆ ಅಜ್ಜ ಅಜ್ಜಿಯರ ಕಾಲಿಗೆ ಬೀಳುತ್ತೀರಿ, ಸಂತೋಷ. ಅಷ್ಟು ಹತ್ತಿರ ಹೋದ ಮೇಲೆ ಬರಿಗೈಯಲ್ಲಿ ಏಳಬೇಡಿ. ಕೈಗೆ ಸಿಕ್ಕ ಕಾಲನ್ನು ಹಗುರವಾಗಿ ಒಮ್ಮೆ ಎಳೆದೇ ಏಳಿ. ಎಡಗಾಲು ಮಾತ್ರ ಬೇಡ, ನನ್ನ ಆ ಮಂಡಿಗೆ ಆಪರೇಷನ್ ಆಗಿದೆ.